ಬಣ್ಣ ಬಂದುದೆಲ್ಲ ಹಣ್ಣಲ್ಲ

ಬೇಸಗೆ ಬಂದಿತೆಂದರೆ ನಮ್ಮ ಪತ್ರಿಕೆಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಸುದ್ದಿಗಳು ಎರಡು. ಈ ವರ್ಷ ಮಾವಿನ ಫಸಲು ಹೇಗಿದೆ ಎಂಬುದು ಒಂದು. ಇಂಥ ಊರಿನ ಮಂಡಿಯ ಮೇಲೆ ಅಧಿಕಾರಿಗಳು ದಾಳಿಮಾಡಿ, ಕಾರ್ಬೈಡ್ ಇಟ್ಟು ಮಾಗಿಸಿದ ಹಣ್ಣನ್ನು ಹಿಡಿದು ಗುಂಡಿಗೆ ಸುರಿಸಿದರು ಎಂಬುದು ಇನ್ನೊಂದು. ಮೊದಲನೆಯದನ್ನು ಓದುವಾಗ ಬಾಯಲ್ಲಿ ನೀರೂರುತ್ತದೆ. ಎರಡನೆಯದನ್ನು ಓದುವಾಗ ಅದೇ ಬಾಯಿ ಒಣಗುತ್ತದೆ. ಮಳೆ ಹಿಡಿದು ಹಣ್ಣಿನ ಕಾಲ ಮುಗಿಯುವ ಹೊತ್ತಿಗೆ ಎರಡೂ ಸುದ್ದಿಗಳು ಮರೆತುಹೋಗುತ್ತವೆ. ಮುಂದಿನ ಬೇಸಗೆಗೆ ಮತ್ತೆ ಅದೇ ಮಂಡಿ, ಅದೇ ದಾಳಿ, ಅದೇ ಗುಂಡಿ.

ಕೆಲವು ಕಾಲದ ಹಿಂದೆ ಒಂದು ಮೇ ತಿಂಗಳಲ್ಲಿ ನಾನು ಒಂದು ಡಜನ್ ರಸಪುರಿ ಹಣ್ಣನ್ನು ಕೊಂಡು ಮನೆಗೆ ತಂದೆನು. ಬಣ್ಣ ಚೆನ್ನಾಗಿತ್ತು, ಬೆಲೆಯೂ ಹೆಚ್ಚಾಗಿರಲಿಲ್ಲ. ನನ್ನ ಸೊಸೆ ಒಂದು ಹಣ್ಣನ್ನು ಕೈಗೆತ್ತಿಕೊಂಡು, ಹೊರಳಿಸಿ ನೋಡಿ, "ಮಾವ, ಇದಕ್ಕೆ ಪೌಡರ್ ಹಾಕಿದ್ದಾರೋ ಏನೋ. ಮಗೂಗೆ ಕೊಡೋದು ಬೇಡ" ಎಂದಳು. ಐದು ವರ್ಷದ ಮೊಮ್ಮಗಳು ಒಮ್ಮೆ ಹಣ್ಣನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿದಳು. "ಹಾಕಿಲ್ಲ" ಎನ್ನಲು ನನಗೆ ಆಧಾರವಿರಲಿಲ್ಲ. "ಹಾಕಿದ್ದಾರೆ" ಎನ್ನಲೂ ಆಧಾರವಿರಲಿಲ್ಲ. ಬುಟ್ಟಿ ಮೂರು ದಿನ ಅಡಿಗೆಮನೆಯ ಮೂಲೆಯಲ್ಲಿದ್ದು, ನಾಲ್ಕನೆಯ ದಿನ ಕಸದ ಗಾಡಿಗೆ ಹೋಯಿತು. ಆ ಹಣ್ಣು ಕೆಟ್ಟದ್ದಾಗಿತ್ತೋ ಒಳ್ಳೆಯದಾಗಿತ್ತೋ ಈಗಲೂ ನಾನರಿಯೆ. ತಿಳಿಯದೆ ಎಸೆದೆವಲ್ಲಾ ಎಂಬ ಸಂಕಟವೇ ನನ್ನನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿತು. ಓದಿಯೂ ಕೇಳಿಯೂ ಕಣ್ಣಾರೆ ಕಂಡೂ ತಿಳಿದುದನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಮೊದಲು ಒಂದು ಮಾತನ್ನು ತಿಳಿಯಾಗಿಸಿಕೊಳ್ಳಬೇಕು. "ಕೃತಕವಾಗಿ ಮಾಗಿಸಿದ ಹಣ್ಣು" ಎಂದೊಡನೆಯೇ ಅದು ವಿಷವೆಂದೂ, ತಾನಾಗಿ ಮಾಗಿದುದು ಅಮೃತವೆಂದೂ ನಾವು ಭಾವಿಸುತ್ತೇವೆ. ಈ ಭೇದ ಅಷ್ಟು ಸರಳವಾದುದಲ್ಲ. ನಮ್ಮ ಹಿರಿಯರಲ್ಲಿ ಮಾವನ್ನು ಮರದಲ್ಲಿಯೇ ಹಣ್ಣಾಗಲು ಬಿಟ್ಟವರು ಎಷ್ಟು ಮಂದಿ? ಬಲಿತ ಕಾಯನ್ನು ತೊಟ್ಟುಸಹಿತ ಇಳಿಸಿ, ಸೊನೆ ಆರಿಸಿ, ಅಟ್ಟದ ಮೇಲೆ ಒಣಹುಲ್ಲು ಹಾಸಿ ಅಡೆ ಹಾಕುತ್ತಿದ್ದರು. ನಾಲ್ಕಾರು ದಿನಗಳಲ್ಲಿ ಮನೆಯೆಲ್ಲ ಘಮಘಮಿಸುತ್ತಿತ್ತು. ನನ್ನ ಅಜ್ಜಿ ಬೆಳಗಾಗೆದ್ದು ಏಣಿ ಹತ್ತಿ, ಒಂದೊಂದನ್ನೂ ಮೂಸಿ, ಹಿಚುಕದೆ ಬೆರಳ ತುದಿಯಿಂದ ಮುಟ್ಟಿ ನೋಡಿ, ಹಣ್ಣಾದುದನ್ನು ಆಯ್ದು, ಕೊಳೆತುದನ್ನು ಬೇರೆ ಮಾಡಿ ಇಳಿದುಬರುತ್ತಿದ್ದಳು. ಬಾಳೆಯ ಗೊನೆಗೆ ಇನ್ನೊಂದು ಉಪಾಯ. ಗುಂಡಿ ತೋಡಿ, ಗೊನೆಯಿಟ್ಟು, ಎಲೆ ಮುಚ್ಚಿ, ಮೇಲೆ ಮಣ್ಣು ಮೆತ್ತಿ, ಒಂದು ಕಂಡಿಯಿಂದ ಹೊಗೆ ಊದುತ್ತಿದ್ದರು. ಇವೆಲ್ಲವೂ ಮನುಷ್ಯನ ಕೈಕೆಲಸವೇ ಅಲ್ಲವೆ? ಅಡೆಯೂ ಒಂದು ಕೃತಕವೇ. ಆದುದರಿಂದ ಪ್ರಶ್ನೆಯಿರುವುದು ಕೃತಕ-ಸಹಜಗಳ ನಡುವೆ ಅಲ್ಲ; ಯಾವ ಕೃತಕ ಎಂಬಲ್ಲಿ.

ನಮ್ಮ ಭಾಷೆಯು ಈ ವಿಷಯದಲ್ಲಿ ನಮಗಿಂತ ಹೆಚ್ಚು ವಿವೇಕವುಳ್ಳದ್ದಾಗಿದೆ. ಮಿಡಿ, ಹೀಚು, ಕಾಯಿ, ಬಲಿತ ಕಾಯಿ, ದೋರೆ, ಹಣ್ಣು, ಕಳಿತ ಹಣ್ಣು ಎಂದು ಅದು ಹಂತಹಂತಕ್ಕೂ ಬೇರೆ ಹೆಸರಿಟ್ಟಿದೆ. ಬಲಿಯುವುದು ಬೇರೆ, ಮಾಗುವುದು ಬೇರೆ. ಬಲಿಯುವುದು ಮರದ ಕೆಲಸ. ಅದಕ್ಕೆ ಕಾಲ ಬೇಕು, ಬಿಸಿಲು ಬೇಕು, ಬೇರು ಬೇಕು. ಮಾಗುವುದು ಕಾಯಿಯು ಒಳಗೊಳಗೇ ನಡೆಸುವ ಕೆಲಸ. ಅದು ಮರವನ್ನು ಬಿಟ್ಟಮೇಲೂ ನಡೆಯಬಲ್ಲದು. ಬಲಿತುದನ್ನು ಮಾಗಿಸಬಹುದು. ಬಲಿಯದುದನ್ನು ಮಾಗಿಸಲು ಯಾವ ವಿದ್ಯೆಯಿಂದಲೂ ಸಾಧ್ಯವಿಲ್ಲ. ಬಣ್ಣ ಬರಿಸಬಹುದು, ಅಷ್ಟೆ. ಇಡೀ ವಿವಾದದ ತಿರುಳು ಈ ಎರಡು ಕ್ರಿಯಾಪದಗಳ ಅಂತರದಲ್ಲಿ ಅಡಗಿದೆಯೆಂದರೆ ಉತ್ಪ್ರೇಕ್ಷೆಯಾಗಲಾರದು.

ಮಾಗುವಿಕೆಯ ಗುಟ್ಟನ್ನು ವಿಜ್ಞಾನವು ಬಯಲಿಗೆಳೆದ ಕಥೆಯೂ ಸ್ವಾರಸ್ಯವಾಗಿದೆ. ಪ್ರಾಚೀನ ಈಜಿಪ್ಟಿನವರು ಅತ್ತಿಯ ಜಾತಿಯ ಒಂದು ಕಾಯಿಗೆ ಚೂರಿಯಿಂದ ಗಾಯಮಾಡಿ ಬೇಗ ಹಣ್ಣಾಗಿಸುತ್ತಿದ್ದರು. ಗಾಯವಾದರೆ ಏಕೆ ಮಾಗಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. 1901ರಲ್ಲಿ ರಷ್ಯದ ನೆಲ್ಯುಬೊವ್ ಎಂಬ ವಿಜ್ಞಾನಿಯು, ದೀಪದ ಅನಿಲವು ಸೋರಿದಲ್ಲಿ ಬಟಾಣಿ ಸಸಿಗಳು ವಿಕಾರವಾಗಿ ಬೆಳೆಯಲು ಅದರಲ್ಲಿ ಬೆರೆತಿರುವ ಎಥಿಲೀನ್ ಎಂಬ ಅನಿಲವೇ ಕಾರಣವೆಂದು ತೋರಿಸಿದನು. ಅಮೆರಿಕದಲ್ಲಿ ನಿಂಬೆಯ ಜಾತಿಯ ಹಸಿರು ಕಾಯಿಗಳನ್ನು ಸೀಮೆಎಣ್ಣೆಯ ಒಲೆ ಹೊತ್ತಿಸಿದ ಕೋಣೆಯಲ್ಲಿಟ್ಟು ಹಳದಿಗೊಳಿಸುವ ವಾಡಿಕೆಯಿತ್ತು. ಬಣ್ಣ ಬರುವುದು ಬಿಸಿಯಿಂದಲೇ ಎಂದು ಎಲ್ಲರೂ ನಂಬಿದ್ದರು. ಬಿಸಿಯಿಂದಲ್ಲ, ಒಲೆಯ ಹೊಗೆಯಲ್ಲಿದ್ದ ಎಥಿಲೀನಿನಿಂದ ಎಂಬುದನ್ನು 1920ರ ದಶಕದಲ್ಲಿ ಡೆನ್ನಿ ಎಂಬವನು ಕಂಡುಕೊಂಡನು. ನಮ್ಮ ಬಾಳೆಯ ಗುಂಡಿಯ ಹೊಗೆಗೂ ವಿವರಣೆ ಇದೇ. ಕೊನೆಗೆ 1934ರಲ್ಲಿ ಇಂಗ್ಲೆಂಡಿನ ಗೇನ್ ಎಂಬ ವಿಜ್ಞಾನಿಯು, ಈ ಅನಿಲವನ್ನು ಮಾಗುವ ಸೇಬು ತಾನೇ ಹೊರಸೂಸುತ್ತದೆಂದು ಸಾಧಿಸಿ ತೋರಿಸಿದನು.

ಎಂದರೆ ಎಥಿಲೀನ್ ಹಣ್ಣಿಗೆ ಹೊರಗಿನದಲ್ಲ, ಹಣ್ಣಿನದೇ ಉಸಿರು. ಬಲಿತ ಕಾಯಿಯಲ್ಲಿ ಅದು ಹುಟ್ಟತೊಡಗಿದೊಡನೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ತಿರುಳು ಮೆದುವಾಗುತ್ತದೆ, ಸಿಪ್ಪೆಯ ಹಸಿರು ಕರಗಿ ಹಳದಿ ಹೊಮ್ಮುತ್ತದೆ, ಪರಿಮಳ ಹುಟ್ಟುತ್ತದೆ. ಒಂದು ಹಣ್ಣು ಬಿಟ್ಟ ಎಥಿಲೀನ್ ಪಕ್ಕದ ಕಾಯಿಯನ್ನೂ ಎಚ್ಚರಿಸುತ್ತದೆ. ಅಡೆಯಲ್ಲಿ ಹುಲ್ಲು ಮುಚ್ಚುವುದು ಈ ಉಸಿರು ಹಾರಿಹೋಗದಂತೆ ತಡೆಯುವುದಕ್ಕೇ. ಮಾವು, ಬಾಳೆ, ಪರಂಗಿ, ಸಪೋಟ, ಸೀಬೆ, ಹಲಸು ಇವೆಲ್ಲ ಹೀಗೆ ಕಿತ್ತಮೇಲೆ ಮಾಗುವ ಜಾತಿಯವು. ದ್ರಾಕ್ಷಿ, ದಾಳಿಂಬೆ, ಕಿತ್ತಳೆ, ಅನಾನಸುಗಳು ಹಾಗಲ್ಲ. ಕಿತ್ತಾಗ ಎಷ್ಟು ಸಿಹಿಯೋ ಅಷ್ಟೇ ಸಿಹಿ.

ಈಗ ಕಾರ್ಬೈಡಿನ ಮಾತಿಗೆ ಬರೋಣ. ಬೂದುಬಣ್ಣದ ಈ ಕಲ್ಲಿನಂಥ ಪದಾರ್ಥವನ್ನು ಕಾರ್ಖಾನೆಯಲ್ಲಿ ಸುಣ್ಣವನ್ನೂ ಇದ್ದಿಲಿನ ಜಾತಿಯ ಇಂಗಾಲವನ್ನೂ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ತಯಾರಿಸುತ್ತಾರೆ. 1892ರಲ್ಲಿ ಅಮೆರಿಕದಲ್ಲಿಯೂ ಫ್ರಾನ್ಸಿನಲ್ಲಿಯೂ ಬೇರೆಬೇರೆಯಾಗಿ ಈ ವಿಧಾನವನ್ನು ಕಂಡುಹಿಡಿದರು. ಇದಕ್ಕೆ ನೀರು ಸೋಕಿದರೆ ಅಸಿಟಿಲೀನ್ ಅನಿಲ ಹೊಮ್ಮಿ, ಹಿಂದೆ ಸುಣ್ಣ ಉಳಿಯುತ್ತದೆ. ಹಳಬರು ಜಾತ್ರೆಯ ಮಿಠಾಯಿ ಅಂಗಡಿಗಳಲ್ಲಿ ಕಂಡಿದ್ದ, ಕಟುವಾಸನೆಯ ಬೆಳ್ಳನೆಯ ಗ್ಯಾಸ್ ದೀಪ ಉರಿಯುತ್ತಿದ್ದುದು ಇದರಿಂದಲೇ. ಇಂದಿಗೂ ಲೋಹಗಳನ್ನು ಬೆಸೆಯುವ ಅಂಗಡಿಗಳಿಗೆ ಇದು ಬೇಕು. ಅಸಿಟಿಲೀನು ಎಥಿಲೀನಿಗೆ ದಾಯಾದಿ. ಅದಕ್ಕಿಂತ ಬಹಳ ದುರ್ಬಲವಾದರೂ ದಟ್ಟವಾಗಿ ತುಂಬಿದರೆ ಕಾಯಿಯು ಮೋಸಹೋಗಿ ಮಾಗತೊಡಗುತ್ತದೆ. ಕಾಯಿಯ ರಾಶಿಯ ನಡುವೆ ಒಂದು ಪೊಟ್ಟಣ ಇಟ್ಟರಾಯಿತು. ಗಾಳಿಯ ತೇವ, ಕಾಯಿಯ ಬೆವರು ಇಷ್ಟೇ ಸಾಕು. ಯಂತ್ರ ಬೇಡ, ಕೋಣೆ ಬೇಡ, ವಿದ್ಯುತ್ತು ಬೇಡ. ಎರಡು ಮೂರು ದಿನಗಳಲ್ಲಿ ರಾಶಿಯೆಲ್ಲ ಒಂದೇ ಸಮನಾಗಿ ಹಳದಿ.

ನನಗೆ ಪರಿಚಿತರಾದ ಒಬ್ಬ ತೋಟಗಾರರ ಜೊತೆಯಲ್ಲಿ ನಾನೊಂದು ಮಂಡಿಗೆ ಹೋಗಿದ್ದೆನು. ಊರಿನ ಹೆಸರನ್ನಾಗಲಿ ಮಂಡಿಯ ಹೆಸರನ್ನಾಗಲಿ ಬರೆಯುವುದಿಲ್ಲ. ದೋಷ ಒಂದು ಮಂಡಿಯದಲ್ಲ. ಹಿಂಭಾಗದ ಕೋಣೆಯಲ್ಲಿ ಟಾರ್ಪಾಲಿನ ಮರೆಯಲ್ಲಿ ಇಪ್ಪತ್ತರ ಹರೆಯದ ಒಬ್ಬ ಹುಡುಗ ಕುಳಿತು, ಹಳೆಯ ಪತ್ರಿಕೆಗಳನ್ನು ಹರಿದು, ಕಲ್ಲಿನ ಚೂರುಗಳನ್ನಿಟ್ಟು ಪೊಟ್ಟಣ ಕಟ್ಟುತ್ತಿದ್ದನು. ಅವನ ಬೆರಳುಗಳ ತುದಿ ಸುಣ್ಣ ತಿಂದಂತೆ ಬೆಳ್ಳಗಾಗಿ ಸುಲಿದಿದ್ದವು.

"ಕೈ ಉರಿಯೋದಿಲ್ಲವೇನಪ್ಪ?" ಎಂದು ಕೇಳಿದೆನು.

"ಉರೀತದೆ ಸಾರ್. ಬೆವರು ಬಂದ್ರೆ ಇನ್ನೂ ಜಾಸ್ತಿ. ಕಣ್ಣಿಗೆ ಕೈ ಮುಟ್ಟಿಸಬಾರದು ಅಂತ ಮೊದಲ್ನೇ ದಿನಾನೇ ಹೇಳಿರ್ತಾರೆ."

"ಈ ಹಣ್ಣು ನೀನು ತಿನ್ನುತ್ತೀಯಾ?"

ಅವನು ನಕ್ಕನು. "ಇದನ್ನಾ? ಊರಿಗೆ ಹೋದಾಗ ತಿಂತೀನಿ ಸಾರ್, ನಮ್ಮ ಮರದ್ದು."

ಮಂಡಿಯ ಯಜಮಾನರು ಏನನ್ನೂ ಮರೆಮಾಚಲಿಲ್ಲ. "ನಾವು ಇಡದಿದ್ರೆ ಪಕ್ಕದವರು ಇಡ್ತಾರೆ ಸ್ವಾಮಿ. ಗಿರಾಕಿ ಕೇಳೋದು ಬಣ್ಣ. ಹಸಿರು ಕಂಡ್ರೆ ಬುಟ್ಟಿ ಮುಟ್ಟೋದಿಲ್ಲ" ಎಂದರು. ಅವರ ಮಾತಿನಲ್ಲಿ ಸತ್ಯಾಂಶವಿದೆಯೆಂದು ಒಪ್ಪಿಕೊಳ್ಳಲೇಬೇಕು. ಹೂ ಕಾಣುವಾಗಲೇ ತೋಪನ್ನು ಗುತ್ತಿಗೆ ಹಿಡಿದ ವ್ಯಾಪಾರಿಗೆ ಸಾಲದ ಬಡ್ಡಿಯ ಭಯ, ಆಲಿಕಲ್ಲಿನ ಭಯ, ನೊಣದ ಭಯ. ಹಂಗಾಮಿನ ಮೊದಲ ಹಣ್ಣಿಗೆ ಸಿಕ್ಕುವ ಬೆಲೆ ಶ್ರೀನಿವಾಸಪುರ, ರಾಮನಗರ, ಧಾರವಾಡಗಳ ಕಡೆಯಿಂದ ಮಾಲು ಸುರಿಯತೊಡಗಿದ ಮೇಲೆ ಸಿಕ್ಕದು. ಆದುದರಿಂದ ಹತ್ತು ಹದಿನೈದು ದಿನ ಮೊದಲೇ, ಬಲಿಯುವ ಮುನ್ನವೇ, ಕಾಯಿ ಮರದಿಂದ ಇಳಿಯುತ್ತದೆ. ಅಂಥ ಕಾಯಿಯನ್ನು ಅಡೆ ಹಾಕಿದರೆ ಬಾಡುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಅದಕ್ಕೆ ಬಣ್ಣವನ್ನಾದರೂ ಕೊಡಬಲ್ಲದ್ದು ಕಾರ್ಬೈಡು. ಸಿಪ್ಪೆ ಹಳದಿ, ತಿರುಳು ಬಿಳುಪು, ರುಚಿ ಹುಳಿ. ಕೊಂಡವನು ಮನೆಯಲ್ಲಿ ಕೊಯ್ದಾಗ ಮಾತ್ರ ಗುಟ್ಟು ರಟ್ಟು. ಎಂದರೆ ಕಾರ್ಬೈಡು ಆರೋಗ್ಯದ ಪ್ರಶ್ನೆಯಾಗುವುದಕ್ಕೆ ಮುಂಚೆಯೇ ವ್ಯಾಪಾರದ ವಂಚನೆಯ ಪ್ರಶ್ನೆಯಾಗಿದೆ.

ಆರೋಗ್ಯದ ವಿಷಯದಲ್ಲಿ ಅಳತೆ ತಪ್ಪಿ ಮಾತನಾಡುವವರು ಎರಡು ಪಕ್ಷದಲ್ಲಿಯೂ ಇದ್ದಾರೆ. ಕಾರ್ಬೈಡಿನ ಹಣ್ಣು ತಿಂದವರೆಲ್ಲ ಅರ್ಬುದರೋಗಕ್ಕೆ ತುತ್ತಾಗುವರೆಂದು ಒಬ್ಬರು ಬೆದರಿಸಿದರೆ, ಇಷ್ಟು ವರ್ಷ ತಿಂದು ಏನಾಯಿತು ಎಂದು ಇನ್ನೊಬ್ಬರು ಕೈಕೊಡಹುತ್ತಾರೆ. ನಿಜಸ್ಥಿತಿ ಹೀಗಿದೆ: ಹಣ್ಣಿಗೆ ಬಳಸುವ ಕಾರ್ಬೈಡು ಕಾರ್ಖಾನೆಗೆಂದು ತಯಾರಾದದ್ದು, ತಿನ್ನುವ ಪದಾರ್ಥದ ಹತ್ತಿರ ಹೋಗಲೆಂದು ಅದನ್ನು ಯಾರೂ ಶುದ್ಧಿಮಾಡಿರುವುದಿಲ್ಲ. ಅದರಲ್ಲಿ ರಂಜಕ ಮತ್ತು ಪಾಷಾಣದ ಅಂಶಗಳು ಬೆರೆತಿರುವುದುಂಟು. ತೇವ ತಾಗಿದಾಗ ಅಸಿಟಿಲೀನಿನ ಜೊತೆಗೆ ಫಾಸ್ಫೀನ್, ಆರ್ಸೀನ್ ಎಂಬ ವಿಷಾನಿಲಗಳೂ ಅಲ್ಪಪ್ರಮಾಣದಲ್ಲಿ ಹೊರಬೀಳುತ್ತವೆ. ಪಾಷಾಣವು ದೀರ್ಘಕಾಲ ದೇಹಕ್ಕೆ ಸೇರುತ್ತ ಬಂದರೆ ಚರ್ಮಕ್ಕೂ ಒಳಗಿನ ಅಂಗಗಳಿಗೂ ಅರ್ಬುದ ತರಬಲ್ಲದೆಂಬುದನ್ನು ಪಶ್ಚಿಮ ಬಂಗಾಳ, ಬಾಂಗ್ಲಾದೇಶಗಳ ಬಾವಿಯ ನೀರು ಜಗತ್ತಿಗೆಲ್ಲ ಕಲಿಸಿದೆ. ಆದರೆ ಒಂದು ಹಣ್ಣಿನಲ್ಲಿ ಎಷ್ಟು ಉಳಿಯುವುದೆಂಬುದು ಕಲ್ಲಿನ ಕಲ್ಮಷವೆಷ್ಟು, ಪುಡಿ ಹಣ್ಣಿಗೆ ತಾಗಿತೋ ಇಲ್ಲವೋ, ತೊಳೆದರೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಒಂದು ಬುಟ್ಟಿಯಲ್ಲಿ ಲೆಕ್ಕಕ್ಕೆ ಬಾರದಷ್ಟು ಇರಬಹುದು, ಇನ್ನೊಂದರಲ್ಲಿ ಲೆಕ್ಕ ಮೀರಿ ಇರಬಹುದು. ಈ ಅಳತೆಗೇಡಿತನವೇ ನಿಷೇಧಕ್ಕೆ ಬಲವಾದ ಕಾರಣ. ಅಳತೆಯುಳ್ಳ ಅಪಾಯವನ್ನು ನಿಯಂತ್ರಿಸಬಹುದು. ಅಳತೆಯೇ ಇಲ್ಲದ ಅಪಾಯವನ್ನು ದೂರವಿಡುವುದೊಂದೇ ದಾರಿ.

ಆದರೆ ಸಂದೇಹಕ್ಕೆಡೆಯಿಲ್ಲದೆ ಹಾನಿಗೊಳಗಾಗುವವನು ಒಬ್ಬನಿದ್ದಾನೆ. ಅವನ ಹೆಸರು ಈ ಚರ್ಚೆಯಲ್ಲಿ ಬರುವುದೇ ಇಲ್ಲ. ಅವನು ಪೊಟ್ಟಣ ಕಟ್ಟುವ ಆ ಹುಡುಗ. ಹಣ್ಣು ತಿನ್ನುವವನಿಗೆ ತಲಪುವುದು ಉಳಿಕೆಯ ಅಂಶ. ಅವನಿಗೆ ತಲಪುವುದು ಪೂರ್ತಿ ಕಲ್ಲು, ಪೂರ್ತಿ ಅನಿಲ. ಬೆವರಿನ ತೇವಕ್ಕೆ ಅದು ಚರ್ಮವನ್ನು ಸುಡುತ್ತದೆ. ಮುಚ್ಚಿದ ಕೋಣೆಯಲ್ಲಿ ಉಸಿರಿನೊಡನೆ ಒಳಸೇರಿ ತಲೆ ಸುತ್ತಿಸುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕೆಡಿಸಬಲ್ಲದು. ಇದು ಊಹೆಯ ಮಾತಲ್ಲ. 2025ರ ದೀಪಾವಳಿಯಲ್ಲಿ ಭೋಪಾಲ್ ಮೊದಲಾದೆಡೆ ಮಕ್ಕಳು ಪ್ಲಾಸ್ಟಿಕ್ ಕೊಳವೆಯಲ್ಲಿ ಕಾರ್ಬೈಡು ತುಂಬಿ ಸಿಡಿಸುವ ಆಟದ ಬಂದೂಕಿನಿಂದ ಕಣ್ಣಿಗೆ ಗಾಯಮಾಡಿಕೊಂಡು ಆಸ್ಪತ್ರೆಗಳನ್ನು ತುಂಬಿದರು. ಹಣ್ಣಿಗೆ ಬೇಡವೆಂದು ನಿಷೇಧಿಸಿದ ವಸ್ತು ಬೀದಿಯಲ್ಲಿ ಮಕ್ಕಳ ಕೈಗೆ ಎಷ್ಟು ಸುಲಭವಾಗಿ ಸಿಕ್ಕಿತೆಂಬುದನ್ನು ಆ ಘಟನೆ ಎತ್ತಿ ತೋರಿಸಿತು.

ಕಾನೂನು ಇಲ್ಲವೆ? ಇದೆ, ಬಹುಕಾಲದಿಂದಲೂ ಇದೆ. 1954ರ ಆಹಾರ ಕಲಬೆರಕೆ ನಿರೋಧ ಕಾಯಿದೆಯ ಕೆಳಗೆ 1955ರಲ್ಲಿ ಬಂದ ನಿಯಮಾವಳಿಗೆ ಮುಂದೆ ಸೇರಿದ 44-ಎಎ ಎಂಬ ನಿಯಮವು, ಕಾರ್ಬೈಡ್ ಅನಿಲದಿಂದ ಮಾಗಿಸಿದ ಹಣ್ಣನ್ನು ಮಾರುವುದನ್ನೂ ಮಾರಲೆಂದು ಇಟ್ಟುಕೊಳ್ಳುವುದನ್ನೂ ನಿಷೇಧಿಸಿತ್ತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದಾಗ, 2011ರ ನಿಬಂಧನೆಗಳಲ್ಲಿ ಅದೇ ನಿಷೇಧ ಮುಂದುವರಿಯಿತು. 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಬದಲಿ ದಾರಿಯೊಂದನ್ನು ತೆರೆದು, ಹತ್ತು ಲಕ್ಷ ಭಾಗ ಗಾಳಿಗೆ ನೂರು ಭಾಗ ಮೀರದಂತೆ ಎಥಿಲೀನ್ ಬಳಸಿ ಮಾಗಿಸಬಹುದೆಂದು ಹೇಳಿತು. 2024ರ ಮೇ ತಿಂಗಳಲ್ಲಿ ವ್ಯಾಪಾರಿಗಳಿಗೆ ಮತ್ತೆ ಎಚ್ಚರಿಕೆ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಣ್ಣಿನ ಕೋಣೆಯಲ್ಲಿ ಅಥವಾ ಪೆಟ್ಟಿಗೆಗಳ ಪಕ್ಕದಲ್ಲಿ ಕಾರ್ಬೈಡು ಸಿಕ್ಕಿದರೆ ಅದನ್ನೇ ಸಾಂದರ್ಭಿಕ ಸಾಕ್ಷ್ಯವೆಂದು ಪರಿಗಣಿಸಿ ಮೊಕದ್ದಮೆ ಹೂಡಬಹುದೆಂದು ತಿಳಿಸಿತು.

ಈ ಕೊನೆಯ ಮಾತು ಮುಖ್ಯವಾದುದು. ಏಕೆಂದರೆ ಇಷ್ಟು ಕಾಲ ಕಾನೂನು ಸೋತದ್ದು ಸಾಕ್ಷ್ಯದಲ್ಲಿಯೇ. ಅಸಿಟಿಲೀನು ಗಾಳಿಗೆ ಹಾರಿಹೋಗುವ ವಸ್ತು. ಹಣ್ಣು ಅಂಗಡಿಗೆ ಬರುವ ಹೊತ್ತಿಗೆ ಅದು ಇರುವುದಿಲ್ಲ. ಸಿಪ್ಪೆಯ ಮೇಲಿನ ಸುಣ್ಣದ ಪುಡಿ ಒಮ್ಮೆ ಒರೆಸಿದರೆ ಹೋಯಿತು. ತಳ್ಳುಗಾಡಿಯ ಹಣ್ಣನ್ನು ಹಿಡಿದು ಇದು ಹೇಗೆ ಮಾಗಿತೆಂದು ನ್ಯಾಯಾಲಯಕ್ಕೆ ಒಪ್ಪುವಂತೆ ಹೇಳುವುದು ಕಷ್ಟ. ಆದರೂ ಹೆಚ್ಚಾಗಿ ಕೈಗೆ ಸಿಕ್ಕುವವನು ತಳ್ಳುಗಾಡಿಯವನೇ. ಪೊಟ್ಟಣವನ್ನು ಇಟ್ಟವನು ಅವನಲ್ಲ. ಅದನ್ನು ಅವನು ಕಂಡೇ ಇರಲಾರನು. ಬೆಳಗ್ಗೆ ಸಾಲಮಾಡಿ ತಂದ ಮಾಲು ಗುಂಡಿಗೆ ಬಿದ್ದರೆ ಆ ದಿನ ಅವನ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಪರೀಕ್ಷೆಯ ವಿಷಯದಲ್ಲಿ ಆತುರಪಟ್ಟರೆ ಏನಾಗುವುದೆಂಬುದಕ್ಕೆ ನೆರೆಯ ಬಾಂಗ್ಲಾದೇಶವೇ ನಿದರ್ಶನ. 2014ರಲ್ಲಿ ಢಾಕಾದ ಹೊರವಲಯದಲ್ಲಿ ಪೊಲೀಸರು ಲಾರಿಗಳನ್ನು ತಡೆದು, ಕೈಯಲ್ಲಿ ಹಿಡಿಯುವ ಒಂದು ಯಂತ್ರದಿಂದ ಫಾರ್ಮಲಿನ್ ಇದೆಯೆಂದು ತೋರಿದ ಮಾವನ್ನೆಲ್ಲ ರಸ್ತೆಗೆ ಸುರಿದು ತುಳಿಸಿದರು. ಆ ಯಂತ್ರ ಗಾಳಿಯನ್ನು ಅಳೆಯುವುದಕ್ಕೆ ಮಾಡಿದ್ದು, ಹಣ್ಣಿಗೆ ತಕ್ಕುದಲ್ಲ ಎಂಬುದು ಆಮೇಲೆ ಬೆಳಕಿಗೆ ಬಂದಿತು. ಹಣ್ಣುಗಳಲ್ಲಿ ಆ ವಸ್ತುವು ಅಲ್ಪವಾಗಿ ತಾನಾಗಿಯೇ ಇರುತ್ತದೆ. ಬೆಳೆದವನಿಗೆ ನಷ್ಟವಾಯಿತು, ತಿನ್ನುವವನಿಗೆ ಭಯ ಉಳಿಯಿತು. ನಮ್ಮಲ್ಲಿಯೂ ಹಣ್ಣನ್ನು ನೀರಿಗೆ ಹಾಕಿ, ತೇಲಿದರೆ ಕಾರ್ಬೈಡು, ಮುಳುಗಿದರೆ ಸಹಜ ಎಂದು ಹೇಳಿಕೊಡುವವರಿದ್ದಾರೆ. ತೇಲುವುದೂ ಮುಳುಗುವುದೂ ತಿಳಿಸುವುದು ಕಾಯಿ ಬಲಿತಿತ್ತೇ ಎಂಬುದನ್ನು, ಏನನ್ನಿಟ್ಟು ಮಾಗಿಸಿದರೆಂಬುದನ್ನಲ್ಲ.

ಹಾಗಾದರೆ ಮಾಡತಕ್ಕುದೇನು? ನನಗೆ ತೋರುವುದು ಮೂರು ಮಾತು.

ಮೊದಲನೆಯದಾಗಿ, ಕಣ್ಣಿಡಬೇಕಾದುದು ಹಣ್ಣಿನ ಮೇಲಲ್ಲ, ಕಲ್ಲಿನ ಮೇಲೆ. ಹಣ್ಣಿನಲ್ಲಿ ಕಾರ್ಬೈಡನ್ನು ಹುಡುಕುವುದು ಕಷ್ಟ. ಮಂಡಿಯ ಕೋಣೆಯಲ್ಲಿ ಹುಡುಕುವುದು ಸುಲಭ. ಅದರ ಸಂಗ್ರಹಣೆಗೆ 1987ರ ಕ್ಯಾಲ್ಸಿಯಂ ಕಾರ್ಬೈಡ್ ನಿಯಮಾವಳಿಯಿದೆ. ಅದು ಸ್ಫೋಟದ ಭಯದಿಂದ ಹುಟ್ಟಿದ್ದು. ಆಹಾರದ ನಿಬಂಧನೆ ವಿಷದ ಭಯದಿಂದ ಹುಟ್ಟಿದ್ದು. ಒಂದನ್ನು ನೋಡಿಕೊಳ್ಳುವ ಇಲಾಖೆ ಬೇರೆ, ಇನ್ನೊಂದರದು ಬೇರೆ. ಇವೆರಡರ ನಡುವಣ ಕಂಡಿಯಲ್ಲಿ ಪೊಟ್ಟಣಗಳು ನುಸುಳುತ್ತವೆ. ಮಾವಿನ ಹಂಗಾಮಿನಲ್ಲಿ ಮಾವಿನ ಊರುಗಳಿಗೆ ಯಾರು, ಎಷ್ಟು ಕಾರ್ಬೈಡನ್ನು, ಯಾತಕ್ಕೆ ಮಾರಿದರೆಂಬ ಲೆಕ್ಕವನ್ನು ಕೇಳತೊಡಗಿದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯದಾಗಿ, ಬೇಡವೆನ್ನುವವರು ಬೇಕಾದುದನ್ನು ಒದಗಿಸಿಕೊಡಬೇಕು. ಎಥಿಲೀನಿನ ಕೋಣೆಯಲ್ಲಿ ಬಿಸಿಯನ್ನೂ ತೇವವನ್ನೂ ಹದವಾಗಿ ಇಟ್ಟು, ಸುಮಾರು ಒಂದು ದಿನ ಅನಿಲ ಬಿಟ್ಟು, ಆಮೇಲೆ ಗಾಳಿಯಾಡಿಸಿದರೆ ಕೆಲವು ದಿನಗಳಲ್ಲಿ ಒಳ್ಳೆಯ ಹಣ್ಣು ದೊರೆಯುತ್ತದೆ. ಆದರೆ ತಣ್ಣನೆಯ ಕೋಣೆ, ಯಂತ್ರ, ವಿದ್ಯುತ್ತು ಇವು ದೊಡ್ಡ ವ್ಯಾಪಾರಿಗೆ ಎಟಕುವಂಥವು, ಎರಡೆಕರೆಯ ರೈತನಿಗಲ್ಲ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇದಕ್ಕೆ ಸರಳವಾದ ಉಪಾಯವನ್ನು ಕಂಡುಕೊಟ್ಟಿದೆ. ಗಾಳಿಯಾಡದ ಪ್ಲಾಸ್ಟಿಕ್ ಗುಡಾರದಲ್ಲಿ ಕಾಯಿಯ ಪೆಟ್ಟಿಗೆಗಳನ್ನಿಟ್ಟು, ಎಥ್ರೆಲ್ ಎಂಬ ದ್ರಾವಣಕ್ಕೆ ಕ್ಷಾರ ಬೆರೆಸಿದ ಪಾತ್ರೆಯನ್ನು ಒಳಗಿರಿಸಿದರೆ ಎಥಿಲೀನ್ ಹೊಮ್ಮುತ್ತದೆ. ಒಂದು ಚಿಕ್ಕ ಫ್ಯಾನು ಅದನ್ನು ಎಲ್ಲೆಡೆ ಹರಡುತ್ತದೆ. ದ್ರಾವಣ ಹಣ್ಣಿಗೆ ತಾಗುವುದೇ ಇಲ್ಲ. ಇಂಥ ಗುಡಾರಗಳು ಪ್ರತಿಯೊಂದು ಮಾವಿನ ಹೋಬಳಿಯಲ್ಲಿ, ಪ್ರತಿಯೊಂದು ಮಂಡಿಯಲ್ಲಿ ಬಾಡಿಗೆಗೆ ಸಿಕ್ಕುವಂತಾದರೆ, "ಪಕ್ಕದವರು ಇಡ್ತಾರೆ" ಎಂಬ ಸಬೂಬಿಗೆ ಎಡೆಯಿರುವುದಿಲ್ಲ.

ಇಲ್ಲಿಯೂ ಎಚ್ಚರ ಬೇಕು. ಅದೇ ದ್ರಾವಣದಲ್ಲಿ ಬಾಳೆಯ ಗೊನೆಯನ್ನೇ ಅದ್ದಿ ತೆಗೆಯುವ ಅಡ್ಡದಾರಿಯನ್ನು ಕೆಲವರು ಹಿಡಿದಿದ್ದಾರೆ. ಪ್ರಾಧಿಕಾರವು ಅದಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಎಥಿಲೀನು ಗಾಳಿಯಲ್ಲಿ ಶೇಕಡ ಮೂರರ ಹತ್ತಿರ ಸೇರಿದರೆ ಕಿಡಿ ತಗುಲಿ ಸಿಡಿಯಬಲ್ಲ ಅನಿಲವಾದ್ದರಿಂದ ಅಳತೆ ತಪ್ಪಿದ ಕೈಗೆ ಅದೂ ಅಪಾಯಕಾರಿಯೇ. ಮಾಗಿಸಲು ಬೇಕಾದ ಪ್ರಮಾಣವಾದರೋ ಅದರ ಮುನ್ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ. ಒಳ್ಳೆಯ ವಿಧಾನವೂ ಕಲಿಸುವವರಿಲ್ಲದೆ ಒಳ್ಳೆಯದಾಗಿ ಉಳಿಯುವುದಿಲ್ಲ.

ಮೂರನೆಯದು ನಮ್ಮ ಪಾಲಿನದು. ಹಸಿರು ಕಂಡರೆ ಬುಟ್ಟಿ ಮುಟ್ಟದ ಗಿರಾಕಿ ನಾನೇ, ನೀವೇ. ಏಪ್ರಿಲ್ ಮೊದಲಲ್ಲಿಯೇ ಚಿನ್ನದ ಬಣ್ಣದ ಬಾದಾಮಿ ಬೇಕೆಂದು ಹಟಹಿಡಿಯುವವರೂ ನಾವೇ. ತೋತಾಪುರಿ ಎಷ್ಟೋ ವೇಳೆ ಹಸಿರು ಸಿಪ್ಪೆಯಲ್ಲಿಯೇ ಸವಿಯಾಗಿರುತ್ತದೆ. ಸೇಂದೂರ ಕಾಯಿಯಾಗಿರುವಾಗಲೇ ಕೆಂಪೇರುತ್ತದೆ. ಬಣ್ಣವು ಜಾತಿಯ ಗುರುತೇ ಹೊರತು ಮಾಗಿದುದರ ಗುರುತಲ್ಲ. ತೊಟ್ಟಿನ ಸುತ್ತ ಭುಜವೆದ್ದಿದೆಯೆ, ಮೂಸಿದರೆ ಪರಿಮಳವಿದೆಯೆ, ಒಂದು ಬುಟ್ಟಿಯ ಹಣ್ಣುಗಳಲ್ಲಿ ಹದವು ಹೆಚ್ಚುಕಡಿಮೆ ಇದೆಯೆ ಎಂದು ನೋಡಿಕೊಳ್ಳುವುದು ಮೇಲು. ಹಂಗಾಮು ಬರುವತನಕ ಕಾಯುವುದು, ತಂದ ಹಣ್ಣನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯುವುದು, ಮಾವಿನ ಸಿಪ್ಪೆಯನ್ನು ಚೀಪದಿರುವುದು ಇವು ಯಾವ ಪ್ರಯೋಗಶಾಲೆಯೂ ಬೇಡದ ಎಚ್ಚರಿಕೆಗಳು. ಆದರೆ ಭಯಬಿದ್ದು ಹಣ್ಣನ್ನೇ ಬಿಟ್ಟುಬಿಡುವುದು ಎಚ್ಚರಿಕೆಯಲ್ಲ. ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿಯಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಯದಿಂದ ಹಣ್ಣು ಬಿಟ್ಟ ಮಗುವಿನ ಕೈಗೆ ಬರುವುದು ಬಣ್ಣಬಣ್ಣದ ಬಾಟ್ಲಿಯ ಸಕ್ಕರೆ ನೀರು.

ಮರುವರ್ಷ ನಮ್ಮ ಮನೆಯಲ್ಲಿ ಒಂದು ಪ್ರಯೋಗ ಮಾಡಿದೆವು. ಅದೇ ತೋಟಗಾರರಿಂದ ಎರಡು ಡಜನ್ ಬಲಿತ ಕಾಯಿ ತರಿಸಿದೆನು. ನಗರದಲ್ಲಿ ಅಟ್ಟವೆಲ್ಲಿ, ಹುಲ್ಲೆಲ್ಲಿ? ರಟ್ಟಿನ ಪೆಟ್ಟಿಗೆಯೊಂದರಲ್ಲಿ ಹಳೆಯ ಪಂಚೆ ಹಾಸಿ, ನಡುವೆ ಎರಡು ಕಳಿತ ಬಾಳೆಹಣ್ಣು ಇಟ್ಟು ಮುಚ್ಚಿದೆವು. ಮೊಮ್ಮಗಳು ದಿನವೂ ಎದ್ದೊಡನೆ ಪೆಟ್ಟಿಗೆ ತೆರೆದು ಮೂಸಿ ನೋಡಿ, "ತಾತ, ಇನ್ನೂ ಆಗಿಲ್ಲ" ಎನ್ನುತ್ತಿದ್ದಳು. ಆರನೆಯ ದಿನ ಆಯಿತು. ಎರಡು ಹಣ್ಣು ಕೊಳೆತವು. ಉಳಿದವು ಒಂದೊಂದು ದಿನಕ್ಕೆ ಒಂದೊಂದು ಹದಕ್ಕೆ ಬಂದವು. ಸೊಸೆ ತಾನೇ ಕೊಯ್ದು ಮಗುವಿಗೆ ಕೊಟ್ಟಳು.

ನನ್ನ ಮನೆಯ ಪ್ರಶ್ನೆ ಹೀಗೆ ಬಗೆಹರಿಯಿತು. ಆದರೆ ಇದನ್ನು ಎಲ್ಲರಿಗೂ ಉಪದೇಶಿಸುವ ಧೈರ್ಯ ನನಗಿಲ್ಲ. ಪರಿಚಯದ ತೋಟಗಾರ, ಕಾಯುವ ಬಿಡುವು, ಕೊಳೆತುದನ್ನು ಎಸೆಯುವ ಅನುಕೂಲ ಎಲ್ಲರಿಗೂ ಎಲ್ಲಿಯದು? ಸಂಜೆ ಕೆಲಸದಿಂದ ಬರುವಾಗ ಬಸ್ ನಿಲ್ದಾಣದ ಬಳಿ ಅರ್ಧ ಕಿಲೋ ಹಣ್ಣು ಕೊಂಡು ಮನೆಗೆ ಒಯ್ಯುವ ತಾಯಿಯ ಪಾಲಿಗೆ ಅಟ್ಟವೆಂದರೆ ಮಂಡಿಯೇ. ಅಲ್ಲಿ ಬೆಳಗಾಗೆದ್ದು ಆಯ್ದು ಬೇರೆ ಮಾಡುವ ಕೆಲಸ ಕಾನೂನಿನದು. ಅದು ವರ್ಷಕ್ಕೊಮ್ಮೆ ಏಣಿ ಹತ್ತಿ, ಸಿಕ್ಕಿದ್ದನ್ನು ಗುಂಡಿಗೆ ಸುರಿದು ಇಳಿದುಹೋದರೆ ಸಾಲದು. ಆ ಟಾರ್ಪಾಲಿನ ಮರೆಯ ಹುಡುಗನ ಕೈಯಿಂದ ಪೊಟ್ಟಣವನ್ನು ತೆಗೆಸಿದ ದಿನ, ತಿನ್ನುವವರ ಅಂಜಿಕೆಯೂ ಅರ್ಧ ಇಳಿಯುತ್ತದೆ. ಊರಿಗೆ ಹೋದಾಗ ಮಾತ್ರ ತಿನ್ನುವ ಹಣ್ಣನ್ನು ಅವನು ಮಂಡಿಯಲ್ಲಿಯೂ ಕೈತೊಳೆದು ತಿನ್ನುವಂತಾದರೆ, ನಾವು ಉಳಿದವರೂ ನಿಶ್ಚಿಂತೆಯಿಂದ ತಿನ್ನಬಹುದು.